ಡೈರೆಕ್ಟರಿ ವೆಬ್‌ಸೈಟಿನ ಖಾಲಿ ಪುಟಗಳು: ಏನು ಮಾಡಬೇಕು, ಏಕೆ?



ನಿಮ್ಮ ಅಜ್ಜ-ಅಜ್ಜಿಯ ಕಾಲದಲ್ಲಿ ಡೈರೆಕ್ಟರಿ ಎಂದರೆ ಟೆಲಿಫೋನ್ ಪಕ್ಕದಲ್ಲಿಟ್ಟ ದಪ್ಪ ಪುಸ್ತಕ. ಹಳದಿ ಹಾಳೆಗಳ ‘ಯೆಲ್ಲೋ ಪೇಜಸ್’ನಲ್ಲಿ ಅಂಗಡಿ, ಡಾಕ್ಟರು, ಪ್ಲಂಬರ್ ಎಂದು ಕಸುಬಿನ ಪ್ರಕಾರ ಹೆಸರುಗಳಿರುತ್ತಿದ್ದವು. 1996ರಲ್ಲಿ ಮುಂಬೈಯಲ್ಲಿ ಶುರುವಾದ ಜಸ್ಟ್‌ಡಯಲ್ ಇದೇ ಕೆಲಸವನ್ನು ಮೊದಲು ಫೋನಿನಲ್ಲಿ, ಆಮೇಲೆ ವೆಬ್‌ಸೈಟಿನಲ್ಲಿ ಮಾಡಿತು. ಈಗ ಒಂದು ಊರಿಗೆ, ಒಂದು ಬಡಾವಣೆಗೆ ಕೂಡ ಇಂಥ ಸೈಟನ್ನು ಯಾರು ಬೇಕಾದರೂ ಮಾಡಬಹುದು. ನೋಡುವವರು ಹಣ ಕೊಡಬೇಕಾಗಿಲ್ಲ. ಪುಟದ ಮೇಲೆ ಬರುವ ಜಾಹೀರಾತುಗಳಿಂದ ಖರ್ಚು ಹುಟ್ಟುತ್ತದೆ.

ಕಂಪ್ಯೂಟರ್ ಪ್ರಾಜೆಕ್ಟಿಗೆ ‘ಮೈಸೂರು ಡೈರೆಕ್ಟರಿ’ ಎಂಬ ವಿಷಯ ಆರಿಸಿಕೊಳ್ಳುವವರು ನಿಮ್ಮಲ್ಲಿ ಇದ್ದೇ ಇರುತ್ತಾರೆ. ಅವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಒಂದೇ: “ಒಂದೂ ಹೆಸರಿಲ್ಲದ ವಿಭಾಗದ ಪುಟವನ್ನು ಏನು ಮಾಡುತ್ತೀರಿ?” ಸಾಮಾನ್ಯವಾಗಿ ಬರುವ ಉತ್ತರ: “ಇರಲಿ ಬಿಡಿ ಸರ್, ಆಮೇಲೆ ತುಂಬಿಸೋಣ.” ಈ ಉತ್ತರ ಏಕೆ ಸಾಲದು, ಸರಿಯಾದ ಉತ್ತರ ಯಾವುದು ಎಂಬುದೇ ಈ ಪಾಠ.

1. ಖಾಲಿ ಪುಟಗಳು ಹುಟ್ಟುವುದು ಹೇಗೆ?

ಖಾಲಿ ಪುಟವನ್ನು ಯಾರೂ ಕೂತು ಬರೆಯುವುದಿಲ್ಲ. ಅದು ಗುಣಾಕಾರದಿಂದ ಹುಟ್ಟುತ್ತದೆ. ನಿಮ್ಮ ಸೈಟಿನಲ್ಲಿ 40 ಕಸುಬುಗಳಿವೆ, 30 ಬಡಾವಣೆಗಳಿವೆ ಎಂದುಕೊಳ್ಳಿ. ‘ಉದಯಗಿರಿಯ ದರ್ಜಿಗಳು’, ‘ಕುವೆಂಪುನಗರದ ಬೇಕರಿಗಳು’ ಎಂದು ಪ್ರತಿ ಜೋಡಿಗೂ ಒಂದು ಪುಟ ಬರುವಂತೆ ಎರಡು ಲೂಪ್ ಬರೆದರೆ ಸಾಕು, 1,200 ಪುಟಗಳು ಸಿದ್ಧ. ಆದರೆ ನೀವು ಬೀದಿ ಸುತ್ತಿ ಸಂಗ್ರಹಿಸಿದ್ದು 300 ಅಂಗಡಿಗಳ ವಿವರ. ಒಂದೊಂದು ಅಂಗಡಿಗೂ ಒಂದೇ ಕಸುಬು, ಒಂದೇ ಬಡಾವಣೆ ಇದ್ದರೆ, ಪ್ರತಿಯೊಂದೂ ಬೇರೆ ಬೇರೆ ಪುಟದಲ್ಲಿ ಕೂತರೂ ಕನಿಷ್ಠ 900 ಪುಟ ಖಾಲಿ. ನಿಜದಲ್ಲಿ ಅಂಗಡಿಗಳು ಒಂದೇ ಕಡೆ ಗುಂಪಾಗಿರುತ್ತವೆ. ಆದ್ದರಿಂದ ಖಾಲಿ ಪುಟಗಳು ಇನ್ನೂ ಹೆಚ್ಚು.

ಅಚ್ಚಿನ ಪುಸ್ತಕದಲ್ಲಿ ಈ ತೊಂದರೆ ಇರಲಿಲ್ಲ. ಕಾಗದಕ್ಕೆ ದುಡ್ಡು ಕೊಡಬೇಕಾದವರು ಹೆಸರಿಲ್ಲದ ಶೀರ್ಷಿಕೆಗೆ ಜಾಗ ಬಿಡುವುದಿಲ್ಲ. ವೆಬ್‌ಸೈಟಿನಲ್ಲಿ ಪುಟಕ್ಕೆ ಬೆಲೆಯೇ ಇಲ್ಲದಂತೆ ಕಾಣುವುದರಿಂದ ವಿಭಾಗಗಳು ಬೆಳೆಯುತ್ತಲೇ ಹೋಗುತ್ತವೆ.

ಇದು ದೊಡ್ಡವರನ್ನೂ ಬಿಟ್ಟಿಲ್ಲ. 1998ರಲ್ಲಿ ಶುರುವಾದ ‘ಡಿಮೋಜ್’ ಎಂಬ ಮುಕ್ತ ಡೈರೆಕ್ಟರಿಯನ್ನು ಸ್ವಯಂಸೇವಕ ಸಂಪಾದಕರು ಜಗತ್ತಿನಾದ್ಯಂತ ಕಟ್ಟಿದರು. ಅದರಲ್ಲಿ ಜಾಹೀರಾತು ಇರಲಿಲ್ಲ. 2017ರ ಮಾರ್ಚ್‌ನಲ್ಲಿ ಅದು ಮುಚ್ಚಿದಾಗ 38 ಲಕ್ಷಕ್ಕೂ ಹೆಚ್ಚು ತಾಣಗಳ ವಿಳಾಸ, 10 ಲಕ್ಷಕ್ಕೂ ಹೆಚ್ಚು ವಿಭಾಗಗಳು ಅದರಲ್ಲಿದ್ದವು. ಭಾಗಿಸಿ ನೋಡಿ: ಒಂದು ವಿಭಾಗಕ್ಕೆ ಸರಾಸರಿ ನಾಲ್ಕು ತಾಣವೂ ಇಲ್ಲ. ಅಷ್ಟು ಜನ ಸೇರಿ ಮಾಡಿದ ಕೆಲಸದಲ್ಲೇ ಹೀಗಾದರೆ, ನಾಲ್ಕು ಜನ ಗೆಳೆಯರು ಮಾಡುವ ಸೈಟಿನಲ್ಲಿ ಏನಾಗಬಹುದು ಎಂದು ಊಹಿಸಿ.

2. ಸೊನ್ನೆ ಏನು ಹೇಳುತ್ತದೆ?

ಮಂಡಿ ಮೊಹಲ್ಲಾದ ಸುತ್ತಮುತ್ತ ಬೀಟೆ ಮರದ ಇನ್‌ಲೇ ಕೆಲಸ ಮಾಡುವ ಮನೆಗಳಿರುವುದು ನಿಮಗೆ ಗೊತ್ತು. ನಿಮ್ಮಲ್ಲಿ ಕೆಲವರ ಮನೆಯಲ್ಲೇ ಆ ಕೆಲಸ ನಡೆದಿರಬಹುದು. ಮೈಸೂರಿನ ಈ ಕಲೆ ಭೌಗೋಳಿಕ ಗುರುತು, ಅಂದರೆ ಜಿಐ, ಪಡೆದಿದೆ. ಈಗ ಒಂದು ಡೈರೆಕ್ಟರಿಯಲ್ಲಿ ‘ಇನ್‌ಲೇ ಕುಶಲಕರ್ಮಿಗಳು, ಮಂಡಿ ಮೊಹಲ್ಲಾ’ ಎಂಬ ಪುಟ ತೆರೆದರೆ ‘0 ಫಲಿತಾಂಶ’ ಎಂದು ಬಂತು ಎಂದುಕೊಳ್ಳಿ.

ಪ್ರೋಗ್ರಾಮ್ ಬರೆದವನಿಗೆ ಆ ಸೊನ್ನೆಯ ಅರ್ಥ “ನಮ್ಮ ಟೇಬಲ್‌ನಲ್ಲಿ ಸಾಲು ಇಲ್ಲ” ಎಂದು. ದೆಹಲಿಯಲ್ಲೋ ದುಬೈಯಲ್ಲೋ ಕೂತು ನೋಡುವ ಗಿರಾಕಿಗೆ ಅದರ ಅರ್ಥ “ಮಂಡಿ ಮೊಹಲ್ಲಾದಲ್ಲಿ ಇನ್‌ಲೇ ಕೆಲಸದವರು ಯಾರೂ ಇಲ್ಲ” ಎಂದು. ಮೊದಲನೆಯದು ನಿಜ, ಎರಡನೆಯದು ಸುಳ್ಳು. ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಗಿರಾಕಿ ಬೇರೆ ಊರಿಗೆ ಆರ್ಡರ್ ಕೊಟ್ಟರೆ ನಷ್ಟ ಆಗುವುದು ಆ ಪುಟವನ್ನು ಎಂದೂ ನೋಡದ ಕೆಲಸಗಾರನಿಗೆ.

ಕೆಲವು ವಿಭಾಗಗಳಲ್ಲಿ ಇದು ಇನ್ನೂ ಗಂಭೀರ. ರಾತ್ರಿ ಹೊತ್ತು ರಕ್ತ ಬೇಕಾದವರು ಫೋನಿನಲ್ಲಿ ಹುಡುಕಿ, ‘ರಕ್ತನಿಧಿ, ಮೈಸೂರು’ ಎಂಬ ಪುಟ ತೆರೆದು, ಬರೀ ಜಾಹೀರಾತು ನೋಡಿ ಹಿಂದಿರುಗಿದರೆ? ಕೆ.ಆರ್. ಆಸ್ಪತ್ರೆಯಲ್ಲೇ ರಕ್ತನಿಧಿ ಇದೆ. ಪುಟ ಮಾತ್ರ ಅದನ್ನು ಹೇಳಲಿಲ್ಲ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ನಾನು ಹಾಕುವ ನಿಯಮ ಇದು: ಆಸ್ಪತ್ರೆ, ರಕ್ತನಿಧಿ, ಆಂಬುಲೆನ್ಸ್ ಮುಂತಾದ ತುರ್ತು ವಿಭಾಗಗಳನ್ನು ಮೊದಲು ತುಂಬಿಸಿ, ಫೋನ್ ಮಾಡಿ ಪರೀಕ್ಷಿಸಿ, ಆಮೇಲೆ ಪ್ರಕಟಿಸಿ. ಅಲ್ಲಿಯವರೆಗೆ ಆ ಜಾಗದಲ್ಲಿ 108 ಮತ್ತು 112 ಎಂಬ ಎರಡು ಸಂಖ್ಯೆಗಳಾದರೂ ಇರಲಿ.

3. ಜಾಹೀರಾತು ಇದ್ದಾಗ

ಜಾಹೀರಾತಿನಿಂದ ನಡೆಯುವ ಸೈಟಿನಲ್ಲಿ ಒಂದು ಆಸೆ ಸದಾ ಇರುತ್ತದೆ: ಪುಟ ಹೆಚ್ಚಿದಷ್ಟೂ ಜಾಹೀರಾತಿಗೆ ಜಾಗ ಹೆಚ್ಚು. 900 ಖಾಲಿ ಪುಟಗಳಲ್ಲೂ ಮೂರು ಮೂರು ಜಾಹೀರಾತು ಹಾಕಿದರೆ? ಲೆಕ್ಕ ಚೆನ್ನಾಗಿ ಕಾಣುತ್ತದೆ. ಆದರೆ ಇದರಲ್ಲಿ ಮೂವರಿಗೆ ನಷ್ಟ.

ಮೊದಲನೆಯದು ನೋಡುವವರಿಗೆ. ಪುಟದಲ್ಲಿ ಬೇರೇನೂ ಇಲ್ಲದಿದ್ದರೆ ಜಾಹೀರಾತೇ ಉತ್ತರದಂತೆ ಕಾಣುತ್ತದೆ. ಪ್ಲಂಬರ್ ಹುಡುಕಿದವರು ಸಾಲದ ಆ್ಯಪ್‌ನ ಮೇಲೆ ಬೆರಳಿಡುತ್ತಾರೆ. ಎರಡನೆಯದು ಜಾಹೀರಾತು ಕೊಟ್ಟವರಿಗೆ. ಬೇಡದೆ ಒತ್ತಿದ ಕ್ಲಿಕ್ಕಿಗೂ ಅವರು ಹಣ ಕೊಡಬೇಕಾದೀತು. ಮೂರನೆಯದು ಸೈಟಿನವರಿಗೇ. 2003ರಲ್ಲಿ ಶುರುವಾದ ಗೂಗಲ್ ಆ್ಯಡ್‌ಸೆನ್ಸ್ ಇಂದು ಸಣ್ಣ ಸೈಟುಗಳಿಗೆ ಜಾಹೀರಾತು ಕೊಡುವ ಪ್ರಸಿದ್ಧ ವ್ಯವಸ್ಥೆ. ಸ್ವಂತ ವಿಷಯ ಇಲ್ಲದ ಅಥವಾ ಬೆಲೆಯಿಲ್ಲದ ವಿಷಯವಿರುವ ಪುಟ, ಇನ್ನೂ ಕಟ್ಟುತ್ತಿರುವ ಪುಟ, ಬರೀ ದಾರಿ ತೋರಿಸಲು ಇರುವ ಪುಟ ಇವುಗಳಲ್ಲಿ ಜಾಹೀರಾತು ಹಾಕಬಾರದು ಎಂದು ಅದರ ನಿಯಮವೇ ಇದೆ. ನಿಯಮ ಮುರಿದರೆ ಜಾಹೀರಾತು ನಿಲ್ಲಬಹುದು, ಖಾತೆಯೇ ಹೋಗಬಹುದು. ಆಗ ತುಂಬಿರುವ ಒಳ್ಳೆಯ ಪುಟಗಳ ಆದಾಯವೂ ನಿಲ್ಲುತ್ತದೆ.

ಸರ್ಚ್ ಎಂಜಿನ್ ಕೂಡ ಇದನ್ನು ಗಮನಿಸುತ್ತದೆ. 2011ರ ಫೆಬ್ರವರಿಯಲ್ಲಿ ಗೂಗಲ್ ‘ಪಾಂಡಾ’ ಎಂಬ ಬದಲಾವಣೆ ತಂದು, ಸತ್ವವಿಲ್ಲದ ಪುಟಗಳೇ ತುಂಬಿದ ಸೈಟುಗಳನ್ನು ಫಲಿತಾಂಶದಲ್ಲಿ ಕೆಳಕ್ಕೆ ತಳ್ಳಿತು. ಆಗಿನಿಂದ ಖಾಲಿ ಪುಟಗಳನ್ನು ಇಟ್ಟುಕೊಳ್ಳುವುದು ಇಡೀ ಸೈಟಿಗೆ ಭಾರ.

ಇಲ್ಲೊಂದು ತಾಂತ್ರಿಕ ಮಾತು ತಿಳಿದಿರಲಿ. ಬ್ರೌಸರ್ ಪುಟ ಕೇಳಿದಾಗ ಸರ್ವರ್ ಒಂದು ಸಂಖ್ಯೆಯನ್ನೂ ಕಳಿಸುತ್ತದೆ. 200 ಎಂದರೆ ‘ಸರಿ, ಇಗೋ ಪುಟ’. 404 ಎಂದರೆ ‘ಸಿಗಲಿಲ್ಲ’. 410 ಎಂದರೆ ‘ಇತ್ತು, ಈಗ ತೆಗೆದುಹಾಕಿದೆ’. 301 ಎಂದರೆ ‘ಶಾಶ್ವತವಾಗಿ ಬೇರೆ ವಿಳಾಸಕ್ಕೆ ಹೋಗಿದೆ’. ಖಾಲಿ ಪುಟ ಬಾಯಲ್ಲಿ ‘ಏನೂ ಇಲ್ಲ’ ಎನ್ನುತ್ತದೆ, ಸಂಖ್ಯೆಯಲ್ಲಿ 200 ಎನ್ನುತ್ತದೆ. ಈ ಎರಡು ಮಾತಿನ ಪುಟಕ್ಕೆ ಗೂಗಲ್ ಬಳಸುವ ಹೆಸರು ‘ಸಾಫ್ಟ್ 404’. ಅಂಥ ಪುಟಗಳನ್ನು ಅದು ಹುಡುಕಾಟದಿಂದ ಬಿಟ್ಟುಬಿಡುತ್ತದೆ.

4. ಖಾಲಿ ವಿಭಾಗವನ್ನು ಎಸ್‌ಕ್ಯೂಎಲ್‌ನಲ್ಲಿ ಹಿಡಿಯುವುದು

ತರಗತಿಯಲ್ಲಿ ಕಲಿತ ಎಸ್‌ಕ್ಯೂಎಲ್ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ಎರಡು ಟೇಬಲ್ ಇವೆ ಎಂದುಕೊಳ್ಳಿ: ಒಂದು ‘ವಿಭಾಗ’, ಇನ್ನೊಂದು ‘ಅಂಗಡಿ’. ವಿಭಾಗದಲ್ಲಿ ಮೂರು ಸಾಲು: ದರ್ಜಿ, ಬೇಕರಿ, ಇನ್‌ಲೇ. ಅಂಗಡಿಯಲ್ಲಿ ಐದು ದರ್ಜಿ, ಮೂರು ಬೇಕರಿ. ಇನ್‌ಲೇ ಯಾವುದೂ ಇಲ್ಲ.

ಸಾಮಾನ್ಯ ಜಾಯಿನ್ ಮಾಡಿ, ಗ್ರೂಪ್ ಬೈ ಹಾಕಿ ಎಣಿಸಿದರೆ ಬರುವ ಉತ್ತರ: ದರ್ಜಿ 5, ಬೇಕರಿ 3. ಇನ್‌ಲೇ ಕಾಣುವುದೇ ಇಲ್ಲ! ಜೋಡಿ ಸಿಗದ ಸಾಲನ್ನು ಸಾಮಾನ್ಯ ಜಾಯಿನ್ ಕೈಬಿಡುತ್ತದೆ. ಅಂದರೆ ನೀವು ಹುಡುಕುತ್ತಿರುವ ಖಾಲಿ ವಿಭಾಗವೇ ವರದಿಯಿಂದ ಮಾಯ.

ಆದ್ದರಿಂದ ‘ವಿಭಾಗ’ ಟೇಬಲನ್ನು ಎಡಕ್ಕಿಟ್ಟು ಲೆಫ್ಟ್ ಜಾಯಿನ್ ಮಾಡಬೇಕು. ಆಗ ಇನ್‌ಲೇ ಉಳಿಯುತ್ತದೆ. ಬಲಗಡೆಯ ಕಾಲಮ್‌ಗಳಲ್ಲಿ ‘ನಲ್’ ಬರುತ್ತದೆ. ಇಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, ಕೌಂಟ್ ಒಳಗೆ ನಕ್ಷತ್ರ ಚಿಹ್ನೆ (*) ಹಾಕಬೇಡಿ. ಅದು ಸಾಲುಗಳನ್ನು ಎಣಿಸುತ್ತದೆ. ನಲ್ ತುಂಬಿದ ಸಾಲೂ ಒಂದು ಸಾಲೇ ಆದ್ದರಿಂದ ಇನ್‌ಲೇಗೆ 1 ಎಂದು ಬರುತ್ತದೆ. ಅಂಗಡಿಯ ಐಡಿ ಕಾಲಮ್ಮನ್ನು ಎಣಿಸಿದರೆ ನಲ್ ಲೆಕ್ಕಕ್ಕೆ ಬರುವುದಿಲ್ಲ. ಸರಿಯಾಗಿ 0 ಬರುತ್ತದೆ. ಆಮೇಲೆ ಹ್ಯಾವಿಂಗ್‌ನಲ್ಲಿ ‘ಎಣಿಕೆ = 0’ ಎಂದು ಕೇಳಿದರೆ ಖಾಲಿ ವಿಭಾಗಗಳ ಪಟ್ಟಿ ಸಿದ್ಧ.

ಎರಡು, ‘ಈಗ ತೆರೆದಿರುವ ಅಂಗಡಿ ಮಾತ್ರ’ ಎಂಬ ಷರತ್ತನ್ನು ವೇರ್‌ನಲ್ಲಿ ಹಾಕಬೇಡಿ. ವೇರ್ ನಲ್ ಸಾಲನ್ನು ಹೊರಗೆ ಹಾಕುತ್ತದೆ, ಲೆಫ್ಟ್ ಜಾಯಿನ್ ಮಾಡಿದ್ದು ವ್ಯರ್ಥವಾಗುತ್ತದೆ. ಆ ಷರತ್ತು ಜಾಯಿನ್‌ನ ‘ಆನ್’ ಭಾಗದಲ್ಲಿರಬೇಕು. ಈ ಷರತ್ತು ಮುಖ್ಯ: ಐದು ಹೆಸರಿದ್ದು ಐದೂ ಅಂಗಡಿ ಮುಚ್ಚಿದ್ದರೆ ಆ ಪುಟವೂ ಖಾಲಿಯೇ.

5. ಗ್ರಂಥಾಲಯದಿಂದ ಒಂದು ತತ್ವ

ಈ ಸಮಸ್ಯೆಯನ್ನು ಗ್ರಂಥಪಾಲಕರು ಬಹಳ ಹಿಂದೆಯೇ ಬಿಡಿಸಿದ್ದಾರೆ. 1876ರಲ್ಲಿ ಮೊದಲು ಪ್ರಕಟವಾದ ಡ್ಯೂಯಿ ದಶಮಾಂಶ ವರ್ಗೀಕರಣದಲ್ಲಿ 040ರಿಂದ 049ರವರೆಗಿನ ಸಂಖ್ಯೆಗಳು ಇಂದು ಯಾವ ವಿಷಯಕ್ಕೂ ಸೇರಿಲ್ಲ. ಯೋಜನೆಯಲ್ಲಿ ಜಾಗ ಇದೆ. ಹಾಗೆಂದು ಯಾವ ಗ್ರಂಥಾಲಯವೂ 040 ಎಂಬ ಫಲಕ ತೂಗುಹಾಕಿ ಖಾಲಿ ಬೀರು ಇಡುವುದಿಲ್ಲ. ಯೋಜನೆ ಬೇರೆ, ಬೀರು ಬೇರೆ.

ಬೆಂಗಳೂರಿನಲ್ಲಿ 1962ರಲ್ಲಿ ದಾಖಲೀಕರಣ ಸಂಶೋಧನೆ ಮತ್ತು ತರಬೇತಿ ಕೇಂದ್ರವನ್ನು ಸ್ಥಾಪಿಸಿದ ಎಸ್.ಆರ್. ರಂಗನಾಥನ್ ಅವರು 1931ರಲ್ಲೇ ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟರು. ಓದುಗರ ಸಮಯ ಉಳಿಸಬೇಕೆಂಬುದು ಅವುಗಳಲ್ಲಿ ನಾಲ್ಕನೆಯದು. ಗ್ರಂಥಾಲಯ ಬೆಳೆಯುತ್ತಲೇ ಇರುತ್ತದೆ ಎಂಬುದು ಐದನೆಯದು. ನಮ್ಮ ಡೈರೆಕ್ಟರಿಗೂ ಇವೆರಡೂ ಬೇಕು. ಬೆಳೆಯಲು ಡೇಟಾಬೇಸಿನಲ್ಲಿ ಖಾಲಿ ವಿಭಾಗ ಇರಲಿ. ಸಮಯ ಉಳಿಸಲು, ತುಂಬಿದ ವಿಭಾಗ ಮಾತ್ರ ಮೆನುವಿನಲ್ಲಿ ಕಾಣಲಿ.

ವಿಕಿಪೀಡಿಯ ನಡೆಯುವ ಮೀಡಿಯಾವಿಕಿ ತಂತ್ರಾಂಶದಲ್ಲಿ ಬಳಕೆಯಾಗದ ವರ್ಗಗಳ ಪಟ್ಟಿಯನ್ನು ತಾನಾಗಿ ತೋರಿಸುವ ವಿಶೇಷ ಪುಟವೇ ಇದೆ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಏಳು ದಿನ ಖಾಲಿ ಉಳಿದ ವರ್ಗವನ್ನು ಸಾಮಾನ್ಯವಾಗಿ ಅಳಿಸಬಹುದು. ಜಾಹೀರಾತಿಲ್ಲದ ಕಡೆಯೇ ಇಷ್ಟು ಶಿಸ್ತು ಇದೆ ಎಂಬುದನ್ನು ಗಮನಿಸಿ.

6. ನಾಲ್ಕು ಕಾರಣ, ನಾಲ್ಕು ಪರಿಹಾರ

ಎಲ್ಲ ಖಾಲಿ ಪುಟಗಳಿಗೂ ಒಂದೇ ಮದ್ದು ಇಲ್ಲ. ಏಕೆ ಖಾಲಿ ಎಂದು ಮೊದಲು ಕೇಳಬೇಕು.

(ಅ) ಇನ್ನೂ ತುಂಬಿಸಿಲ್ಲ. ಪುಟವನ್ನು ಪ್ರಕಟಿಸಬೇಡಿ. ಕನಿಷ್ಠ ಮೂರು ಹೆಸರು ಸೇರಿದ ಮೇಲೆ ಪುಟ ತೆರೆಯಲಿ ಎಂದು ಪ್ರೋಗ್ರಾಮ್‌ನಲ್ಲೇ ಬರೆಯಿರಿ. ಮೂರು ಎಂಬುದು ನನ್ನ ಸಲಹೆ, ನಿಮ್ಮ ಸೈಟಿಗೆ ತಕ್ಕಂತೆ ಬದಲಿಸಿಕೊಳ್ಳಿ. ಒಂದು ಬಡಾವಣೆಯಲ್ಲಿ ಒಬ್ಬನೇ ಕೊಡೆ ರಿಪೇರಿಯವನಿದ್ದರೆ ಅವನ ಹೆಸರು ‘ಕೊಡೆ ರಿಪೇರಿ, ಮೈಸೂರು’ ಎಂಬ ಮೇಲಿನ ಪುಟದಲ್ಲಿ ಬರಲಿ. ಅವನೂ ಕಾಣುತ್ತಾನೆ, ಖಾಲಿ ಪುಟವೂ ತಪ್ಪುತ್ತದೆ.

(ಆ) ಹೆಸರು ಬೇರೆಯಾಗಿದೆ. ‘ಬಡಗಿ’ ಖಾಲಿ, ‘ಕಾರ್ಪೆಂಟರ್’ ತುಂಬಿದೆ. ‘ಮಂಡಿ ಮೊಹಲ್ಲ’ ಖಾಲಿ, ‘ಮಂಡಿ ಮೊಹಲ್ಲಾ’ ತುಂಬಿದೆ. ಒಂದು ದೀರ್ಘ ಹೆಚ್ಚಾದರೂ ಕಂಪ್ಯೂಟರಿಗೆ ಅದು ಬೇರೆ ಪದ. ನಮ್ಮ ಊರಿನ ಹೆಸರಿನಲ್ಲೇ ಈ ತೊಡಕು ಇದೆ. 2014ರ ನವೆಂಬರ್ 1ರಿಂದ ಇಂಗ್ಲಿಷ್ ಕಾಗುಣಿತವೂ ಅಧಿಕೃತವಾಗಿ ‘ಮೈಸೂರು’ ಆಯಿತು. ಹಳೆಯ ‘ಮೈಸೋರ್’ ಹೆಸರಿನಲ್ಲಿ ಅರ್ಧ, ಹೊಸ ಹೆಸರಿನಲ್ಲಿ ಅರ್ಧ ಅಂಗಡಿಗಳು ಹಂಚಿಹೋದರೆ ಎರಡೂ ಕಡೆ ಬಡಕಲು ಪುಟಗಳು. ಪರಿಹಾರ: ಒಂದೇ ಹೆಸರಿನಡಿ ಸೇರಿಸಿ, ಹಳೆಯ ವಿಳಾಸದಿಂದ ಹೊಸದಕ್ಕೆ 301 ಕೊಡಿ, ಜನ ಬಳಸುವ ಎಲ್ಲ ಹೆಸರನ್ನೂ ಹುಡುಕಾಟದಲ್ಲಿ ಸಮಾನಾರ್ಥಕವಾಗಿ ಸೇರಿಸಿ.

(ಇ) ಸದ್ಯಕ್ಕೆ ಖಾಲಿ. ದಸರಾ ವಸ್ತುಪ್ರದರ್ಶನದ ಮಳಿಗೆಗಳ ವಿಭಾಗ ವರ್ಷದಲ್ಲಿ ಕೆಲವೇ ತಿಂಗಳು ತುಂಬಿರುತ್ತದೆ. ಅಂಥ ಪುಟದ ವಿಳಾಸ ಪ್ರತಿವರ್ಷ ಬದಲಾಗಬಾರದು. ಪ್ರದರ್ಶನ ಎಲ್ಲಿ ನಡೆಯುತ್ತದೆ, ಯಾವ ಕಾಲದಲ್ಲಿ ಎಂಬ ವಿವರ ಬರೆದಿಟ್ಟರೆ ಹೆಸರುಗಳಿಲ್ಲದಾಗಲೂ ಆ ಪುಟ ಉಪಯುಕ್ತ. ಅಂಥ ವಿವರವೂ ಇಲ್ಲದಿದ್ದರೆ ‘ನೋಇಂಡೆಕ್ಸ್’ ಎಂಬ ಸೂಚನೆ ಹಾಕಿ, ಸೈಟ್‌ಮ್ಯಾಪ್‌ನಿಂದ ತೆಗೆಯಿರಿ. ಒಂದು ಸೂಕ್ಷ್ಮ ನೆನಪಿಡಿ: ಅದೇ ಪುಟವನ್ನು ರೋಬೋಟ್ಸ್ ಫೈಲಿನಲ್ಲಿ ತಡೆಯಬೇಡಿ. ತಡೆದರೆ ಸರ್ಚ್ ಎಂಜಿನ್ ಪುಟದೊಳಗೆ ಬರುವುದಿಲ್ಲ. ಬರದಿದ್ದರೆ ನಿಮ್ಮ ನೋಇಂಡೆಕ್ಸ್ ಸೂಚನೆ ಅದಕ್ಕೆ ಕಾಣುವುದೂ ಇಲ್ಲ.

(ಈ) ಇನ್ನು ಬರುವುದಿಲ್ಲ. ಪೇಜರ್ ಸೇವೆಯ ವಿಭಾಗ ಇಟ್ಟುಕೊಂಡು ಈಗ ಉಪಯೋಗವಿಲ್ಲ. ಅದಕ್ಕೆ 404 ಅಥವಾ 410 ಕೊಡಿ. ನಿಜವಾಗಿ ಸಮೀಪದ ವಿಭಾಗ ಇದ್ದರೆ ಮಾತ್ರ 301. ಅಳಿಸಿದ ಪುಟಗಳನ್ನೆಲ್ಲ ಮುಖಪುಟಕ್ಕೆ ತಿರುಗಿಸುವ ಅಭ್ಯಾಸ ಹಲವರಲ್ಲಿದೆ. ಕೇಳಿದ್ದು ಒಂದು, ತೋರಿಸಿದ್ದು ಇನ್ನೊಂದು ಆದ್ದರಿಂದ ಗೂಗಲ್ ಅದನ್ನೂ ಸಾಫ್ಟ್ 404 ಎಂದೇ ಎಣಿಸಬಹುದು.

ನಾಲ್ಕಕ್ಕೂ ಸಾಮಾನ್ಯವಾದ ನಿಯಮ: ಹೆಸರೂ ಇಲ್ಲದ, ವಿವರವೂ ಇಲ್ಲದ ಪುಟದಲ್ಲಿ ಜಾಹೀರಾತು ಬೇಡ. ಪ್ರೋಗ್ರಾಮ್‌ನಲ್ಲಿ ಇದು ಒಂದೇ ‘ಇಫ್’ ವಾಕ್ಯ.

7. ತೋರಿಸಲೇಬೇಕಾದಾಗ ಏನು ಬರೆಯಬೇಕು?

ಹುಡುಕಾಟದ ಪೆಟ್ಟಿಗೆಯಲ್ಲಿ ಜನ ಏನು ಬೇಕಾದರೂ ಬರೆಯುತ್ತಾರೆ. ಆದ್ದರಿಂದ ಖಾಲಿ ಉತ್ತರ ಪೂರ್ತಿ ತಪ್ಪುವುದಿಲ್ಲ. ಆಗ ‘0 ಫಲಿತಾಂಶ’ ಎಂಬುದರ ಬದಲು ಹೀಗೆ ಬರೆಯಬಹುದು:

“ಮಂಡಿ ಮೊಹಲ್ಲಾದ ಇನ್‌ಲೇ ಕೆಲಸಗಾರರ ವಿವರ ನಮ್ಮ ಪಟ್ಟಿಗೆ ಇನ್ನೂ ಸೇರಿಲ್ಲ. ಮೈಸೂರಿನ ಇತರ ಕಡೆಯ ಕರಕುಶಲ ಅಂಗಡಿಗಳು ಇಲ್ಲಿವೆ. ನಿಮಗೆ ಗೊತ್ತಿರುವವರಿದ್ದರೆ, ಅವರ ಒಪ್ಪಿಗೆ ಪಡೆದು ತಿಳಿಸಿ.”

ಇದರಲ್ಲಿ ಮೂರು ಕೆಲಸ ಆಗಿದೆ. ಕೊರತೆ ನಮ್ಮ ಪಟ್ಟಿಯದು, ಊರಿನದಲ್ಲ ಎಂದು ಹೇಳಿದೆ, ಮುಂದಿನ ದಾರಿ ತೋರಿಸಿದೆ, ತುಂಬಿಸಲು ಕೇಳಿದೆ.

ಒಪ್ಪಿಗೆ ಎಂಬ ಪದವನ್ನು ಬೇಕೆಂದೇ ಸೇರಿಸಿದ್ದೇನೆ. ಖಾಲಿ ಜಾಗ ತುಂಬಿಸುವ ಅವಸರದಲ್ಲಿ ಕೆಲವರು ಬೇರೆ ಸೈಟಿನಿಂದ ಹೆಸರು ನಕಲು ಮಾಡುತ್ತಾರೆ, ಮುಚ್ಚಿದ ಅಂಗಡಿಯ ನಂಬರ್ ಹಾಕುತ್ತಾರೆ. ತಪ್ಪು ನಂಬರ್ ಖಾಲಿ ಪುಟಕ್ಕಿಂತ ಕೆಟ್ಟದ್ದು. ಮನೆಯಲ್ಲೇ ಬೀಡಿ, ಅಗರಬತ್ತಿ, ಹೊಲಿಗೆ ಕೆಲಸ ಮಾಡುವ ತಾಯಂದಿರ ಸ್ವಂತ ಮೊಬೈಲ್ ನಂಬರನ್ನು ಕೇಳದೆ ಹಾಕುವುದಂತೂ ಕೂಡದು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ ನಮ್ಮ ದೇಶದಲ್ಲಿ 2023ರಲ್ಲಿ ಪ್ರತ್ಯೇಕ ಕಾನೂನು ಬಂದಿದೆ. ಕಾನೂನು ಇಲ್ಲದಿದ್ದರೂ ಕೇಳಿಯೇ ಹಾಕುವುದು ಮರ್ಯಾದೆ.

8. ಖಾಲಿ ವಿಭಾಗಗಳ ಪಟ್ಟಿ ಎಂದರೆ ಕೆಲಸದ ಪಟ್ಟಿ

ಕೊನೆಯದಾಗಿ, ಎಸ್‌ಕ್ಯೂಎಲ್ ಕೊಟ್ಟ ಆ ಪಟ್ಟಿಯನ್ನು ಒಮ್ಮೆ ಓದಿ ನೋಡಿ. ಯಾವ ವಿಭಾಗಗಳು ಖಾಲಿ? ಕಾರ್ ಶೋರೂಮ್, ಹೋಟೆಲ್, ಕೋಚಿಂಗ್ ಕ್ಲಾಸು ಬೇಗ ತುಂಬುತ್ತವೆ. ಅವರೇ ಬಂದು ಹೆಸರು ಕೊಡುತ್ತಾರೆ. ಖಾಲಿ ಉಳಿಯುವುದು ಪಾತ್ರೆಗೆ ಕಲಾಯಿ ಹಾಕುವವರು, ಚಾಕು ಕತ್ತರಿಗೆ ಸಾಣೆ ಹಿಡಿಯುವವರು, ಹತ್ತಿ ಹಾಸಿಗೆ ಮಾಡುವವರು, ಟಾಂಗಾ ಓಡಿಸುವವರು. ಇವರಲ್ಲಿ ಹಲವರಿಗೆ ಬೋರ್ಡೂ ಇಲ್ಲ, ಇಮೇಲೂ ಇಲ್ಲ. ನಮ್ಮ ಸೊನ್ನೆಗಳು ನಾವು ಇನ್ನೂ ಹೋಗದ ಬೀದಿಗಳನ್ನು ತೋರಿಸುತ್ತವೆ. ಲ್ಯಾಬಿನಲ್ಲಿ ಕೂತು ಅವುಗಳನ್ನು ತುಂಬಿಸಲಾಗದು. ನೋಟ್‌ಬುಕ್ ಹಿಡಿದು ನಡೆದು ಹೋಗಬೇಕು, ಸಲಾಂ ಹೇಳಿ ಮಾತಾಡಿಸಬೇಕು, ಹೆಸರು ಸರಿಯಾಗಿ ಬರೆದುಕೊಳ್ಳಬೇಕು. ಈ ಕೆಲಸದಲ್ಲಿ ಮಂಡಿ ಮೊಹಲ್ಲಾ, ಲಷ್ಕರ್ ಮೊಹಲ್ಲಾ, ಉದಯಗಿರಿ, ರಾಜೀವ್ ನಗರದ ಗಲ್ಲಿಗಳನ್ನು ಬಲ್ಲ ನಿಮಗೆ ಯಾವ ದೊಡ್ಡ ಕಂಪನಿಗಿಂತಲೂ ಹೆಚ್ಚು ಅನುಕೂಲವಿದೆ.

ಅಭ್ಯಾಸ

1. 25 ಕಸುಬು, 20 ಬಡಾವಣೆ, 180 ಅಂಗಡಿಗಳಿರುವ ಸೈಟಿನಲ್ಲಿ ಕನಿಷ್ಠ ಎಷ್ಟು ಪುಟಗಳು ಖಾಲಿ ಇರುತ್ತವೆ? ಒಂದು ಅಂಗಡಿ ಎರಡು ಕಸುಬಿನಡಿ ಬರಬಹುದಾದರೆ ಉತ್ತರ ಹೇಗೆ ಬದಲಾಗುತ್ತದೆ?

2. ಲೆಫ್ಟ್ ಜಾಯಿನ್ ಬಳಸಿ ಮೂರಕ್ಕಿಂತ ಕಡಿಮೆ ಅಂಗಡಿಗಳಿರುವ ವಿಭಾಗಗಳ ಪಟ್ಟಿ ಬರುವಂತೆ ಕ್ವೆರಿ ಬರೆಯಿರಿ. ನಕ್ಷತ್ರ ಚಿಹ್ನೆ ಬಳಸಿದರೆ ಯಾವ ಸಾಲಿನ ಎಣಿಕೆ ತಪ್ಪುತ್ತದೆ ಎಂದು ತೋರಿಸಿ.

3. ನಿಮ್ಮ ಬಡಾವಣೆಯಲ್ಲಿ ಯಾವ ಡೈರೆಕ್ಟರಿಯಲ್ಲೂ ಹೆಸರು ಕಾಣದ ಒಂದು ಕಸುಬನ್ನು ಆರಿಸಿ. ಮೂವರನ್ನು ಭೇಟಿಯಾಗಿ, ಒಪ್ಪಿಗೆ ಕೇಳಿ, ಒಪ್ಪಿದವರ ವಿವರವನ್ನು ಮಾತ್ರ ಬರೆದು ತನ್ನಿ.